ಬಾಣಂತನಕ್ಕೆ ಜರ್ಮನಿಗೆ: ಯಾವಾಗ ಹೊರಡಬೇಕು?

ಜರ್ಮನಿಯಲ್ಲಿರುವ ಮಗಳಿಗೆ ಐದು ತಿಂಗಳು, ಈಗಲೇ ಕೋಲಾರದಿಂದ ಹೊರಟು ಅವಳ ಜೊತೆ ಸ್ವಿಟ್ಜರ್ಲೆಂಡ್ ನೋಡಿ, ಬಾಣಂತನವನ್ನೂ ಮುಗಿಸಿ ಬರಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಈಗ ಹೊರಡಬೇಡಿ ಅಮ್ಮ. ಜರ್ಮನಿ, ಸ್ವಿಟ್ಜರ್ಲೆಂಡ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ‘ಷೆಂಗೆನ್’ ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳೊಳಗೆ ಇರಲು ಸಿಗುವುದು ಹೆಚ್ಚೆಂದರೆ 90 ದಿನ. ಸ್ವಿಟ್ಜರ್ಲೆಂಡಿನ ದಿನಗಳೂ ಅದರಲ್ಲೇ ಸೇರುತ್ತವೆ. ಮಗಳಿಗೆ ನೋವು ಕಾಣಿಸಿಕೊಳ್ಳುವ ಹೊತ್ತಿಗೆ ನೀವು ಕೋಲಾರಕ್ಕೆ ಮರಳಿರುತ್ತೀರಿ. ಎಂಟು ತುಂಬಿದ ಮೇಲೆ ಹೋಗಿ.

ಸುತ್ತಾಟಕ್ಕೆ ಮಗಳು ಅಳಿಯ ಈಗಲೇ ಹೋಗಿಬರಲಿ. ವೈದ್ಯರು ಒಪ್ಪಿದರೆ ಇದೇ ಹಿತವಾದ ಕಾಲ. ರೈಲಿನಲ್ಲಿ ಆಗಾಗ ಎದ್ದು ನಡೆದಾಡಲಿ, ತಪಾಸಣೆಯ ವಿವರಗಳಿರುವ ‘ಮುಟರ್‌ಪಾಸ್’ ಪುಸ್ತಕ ಕೈಚೀಲದಲ್ಲೇ ಇರಲಿ.

ಮನೆಯ ತುಪ್ಪ ಮಾತ್ರ ಒಯ್ಯಬೇಡಿ, ಹಾಲಿನ ಪದಾರ್ಥಗಳಿಗೆ ಅಲ್ಲಿ ಪ್ರವೇಶವಿಲ್ಲ. ಅಲ್ಲಿನ ಉಪ್ಪಿಲ್ಲದ ಬೆಣ್ಣೆಯನ್ನೇ ಕಾಯಿಸಿಕೊಳ್ಳಿ, ಘಮ ಚೆನ್ನಾಗಿಯೇ ಬರುತ್ತದೆ.