1,80,000 ಕಿ.ಮೀ. ಓಡಿದ ಯುರೋಪಿಯನ್ ಕಾರನ್ನು ಮೊದಲ ಸಲ ಕೊಳ್ಳುವಾಗ ಏನು ನೋಡಬೇಕು?

ಮೀಟರ್‌ನಲ್ಲಿರುವ ಅಂಕಿಗಿಂತ ಸರ್ವಿಸ್ ದಾಖಲೆ ಮುಖ್ಯ. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದ 2 ಲಕ್ಷ ಕಿ.ಮೀ. ಕಾರು, ದಾಖಲೆಯೇ ಇಲ್ಲದ 80 ಸಾವಿರದ ಕಾರಿಗಿಂತ ವಾಸಿ ಅಂತ ನಾನು ನಂಬುತ್ತೇನೆ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ. ಮಾಲೀಕರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ. ಟೈಮಿಂಗ್ ಚೈನ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಸರಪಳಿ) ಸಡಿಲವಾಗಿದ್ದರೆ ಗಲಗಲ ಸದ್ದು ಮೊದಲ ಕೆಲವು ಸೆಕೆಂಡುಗಳಲ್ಲೇ ಕೇಳಿಸುವುದು ಜಾಸ್ತಿ. ಬಿಎಂಡಬ್ಲ್ಯೂನ ಎನ್47 ಡೀಸೆಲ್ ಎಂಜಿನ್‌ನಲ್ಲಿ ಈ ಚೈನ್ ಗೇರ್‌ಬಾಕ್ಸ್ ಕಡೆಗಿದೆ. ಹಾಗಾಗಿ ಅದನ್ನು ಬದಲಿಸುವುದು ದೊಡ್ಡ ಕೆಲಸ. ಚೈನ್ ಬದಲು ಬೆಲ್ಟ್ ಇರುವ ಎಂಜಿನ್ ಆದರೆ, ಅದನ್ನು ಯಾವಾಗ ಬದಲಿಸಿದರು ಅಂತ ಬಿಲ್ ಕೇಳಿ. ಬಾಯಿಮಾತು ಸಾಲದು. ಎಷ್ಟೋ ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಬದಲಿಸುವುದೇ ಬೇಡ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ನಂಬಬೇಡಿ. ಫೋಕ್ಸ್‌ವ್ಯಾಗನ್‌ನ 6 ಗೇರಿನ ಡಿಎಸ್‌ಜಿ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ 60,000 ಕಿ.ಮೀ.ಗೊಮ್ಮೆ ಹೊಸ ಆಯಿಲ್ ಬೇಕೇ ಬೇಕು.

ಕೂಲಿಂಗ್ ವ್ಯವಸ್ಥೆಯ ಪ್ಲಾಸ್ಟಿಕ್ ಭಾಗಗಳು ಬಿಸಿಗೆ ವರ್ಷ ಕಳೆದಂತೆ ಪೆಡಸಾಗಿ ಬಿರುಕು ಬಿಡುತ್ತವೆ. ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಒಣಗಿದ ಕಲೆ ಎಲ್ಲಾದರೂ ಇದೆಯಾ ನೋಡಿ.

ಆ ಬ್ರ್ಯಾಂಡನ್ನೇ ರಿಪೇರಿ ಮಾಡುವ ಸ್ವತಂತ್ರ ಮೆಕ್ಯಾನಿಕ್ ಹತ್ತಿರ ಕಾರನ್ನು ಕಂಪ್ಯೂಟರ್‌ನಿಂದ ಸ್ಕ್ಯಾನ್ ಮಾಡಿಸಿ, ಎಂಜಿನ್ ಮಾತ್ರ ಅಲ್ಲ, ಎಲ್ಲ ಮಾಡ್ಯೂಲ್‌ಗಳನ್ನೂ (ಕಾರಿನ ಬೇರೆ ಬೇರೆ ಭಾಗಗಳ ಎಲೆಕ್ಟ್ರಾನಿಕ್ ನಿಯಂತ್ರಕಗಳನ್ನೂ). ದೋಷ ತೋರಿಸುವ ಕೋಡ್‌ಗಳನ್ನು ಈಗಷ್ಟೇ ಅಳಿಸಿದ್ದರೆ ಅದೂ ಅವರಿಗೆ ಗೊತ್ತಾಗುತ್ತದೆ. ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ. ಐದನೇ ಒಂದು ಭಾಗವಾದರೂ ಮೊದಲ ವರ್ಷದ ರಿಪೇರಿಗೆ ಉಳಿಯಲಿ.