ಟೆಟ್ರಿಸ್ ಯಾವ ಬಗೆಯ ಆಟ?

ಪ್ರಶ್ನೆ: ಫ್ರೆಂಚ್ ಚಿಂತಕ ರೋಜೇ ಕಾಯ್ವಾ ಆಟಗಳನ್ನು ಪೈಪೋಟಿ, ಅದೃಷ್ಟ, ವೇಷ, ತಲೆಸುತ್ತು (ಗಿರಗಿರನೆ ತಿರುಗಿದಾಗಿನಂಥ ಅಮಲು) ಎಂದು ವಿಂಗಡಿಸಿದ್ದಾರೆ. ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ವಿಡಿಯೊ ಆಟ ಟೆಟ್ರಿಸ್ ಯಾವುದಕ್ಕೆ ಸೇರುತ್ತದೆ?

ಉತ್ತರ: ಇಡೀ ಆಟಕ್ಕೆ ಒಂದೇ ಚೀಟಿ ಅಂಟಿಸಲು ಹೊರಟರೆ ಅಲ್ಲೇ ಎಡವಟ್ಟು. 1958ರಲ್ಲಿ ಈ ವಿಂಗಡಣೆ ಮಾಡಿದಾಗಲೇ ಕಾಯ್ವಾ, ಬಗೆಗಳು ಒಂದರೊಳಗೊಂದು ಬೆರೆಯುತ್ತವೆ ಎಂದಿದ್ದರು. ಹಾಗಾಗಿ ಒಂದೊಂದೇ ನಿಯಮ ಹಿಡಿದು, ಅದನ್ನು ತೆಗೆದರೆ ಆಟ ಏನಾಗುತ್ತದೆ ಎಂದು ನೋಡಿ.

ಮುಂದೆ ಯಾವ ತುಂಡು ಬೀಳುತ್ತದೆ ಎಂಬುದು ಅದೃಷ್ಟ. ಪ್ರತಿ ಸಲವೂ ದಾಳ ಹಾಕಿದಂತೆ ಆರಿಸಿದರೆ, ಉದ್ದನೆಯ ಕಡ್ಡಿಗೆ ಕಾದು ಕಾದೇ ಸೋಲಬೇಕಾದೀತು. ಕೈಚಳಕ ಇದ್ದೂ ದಂಡ. ಅದಕ್ಕೇ ಈಚಿನ ಆವೃತ್ತಿಗಳು ಏಳೂ ತುಂಡುಗಳನ್ನು ಚೀಲಕ್ಕೆ ಹಾಕಿ ಕಲಕಿದಂತೆ ಮಾಡಿ, ಚೀಲ ಬರಿದಾಗುವ ತನಕ ಒಂದೊಂದಾಗಿ ಕೊಡುತ್ತವೆ, ಬರಿದಾದರೆ ಮತ್ತೆ ತುಂಬಿ ಕಲಕುತ್ತವೆ. ಎರಡು ಕಡ್ಡಿಗಳ ನಡುವೆ ಹೆಚ್ಚೆಂದರೆ 12 ತುಂಡು. ಅದೃಷ್ಟಕ್ಕೆ ಮೂಗುದಾರ ಬಿತ್ತು, ಪೈಪೋಟಿ ಬಲಿಯಿತು.

ವೇಷ ಇಲ್ಲಿಲ್ಲ, ಎಳೆದು ತರಬೇಡಿ. ತಲೆಸುತ್ತಿನದು ಮಾತ್ರ ತಕರಾರು: ಅದಕ್ಕೂ ಪೈಪೋಟಿಗೂ ಆಗಿಬರದು ಎಂದು ಕಾಯ್ವಾ ಖಚಿತವಾಗಿ ಹೇಳಿದ್ದರು. ವೇಗ ಏರಿ, ಕಣ್ಣಿಗಿಂತ ಮೊದಲು ಬೆರಳೇ ಓಡುವ ಕೊನೆಯ ಹಂತಗಳನ್ನು ಆಡಿದವರು ಇದನ್ನು ಒಪ್ಪುವುದು ಕಷ್ಟ.