ಪರದೆ ಯಾಕೆ ಬರೆಸಲ್ಲ ಅಂದಿರಲ್ಲ, ಅದಕ್ಕೆ

ನಮಸ್ಕಾರ. ನಾಟಕದ ಅರಮನೆ ದೃಶ್ಯಕ್ಕೂ ಬರೀ ನಾಲ್ಕು ಮೆಟ್ಟಿಲು ಇಡ್ತೀರಿ, ಹಿಂದೆ ಚೆಂದದ ಪರದೆ ಯಾಕೆ ಬರೆಸಲ್ಲ ಅಂತ ಕೇಳಿದ್ದೀರಿ. ದುಡ್ಡಿನ ಪ್ರಶ್ನೆ ಅಲ್ಲ.

ಕಂಪನಿ ನಾಟಕದ ಪರದೆಗಳನ್ನು ನೋಡಿಯೇ ನಾನು ರಂಗಕ್ಕೆ ಮರುಳಾದವನು. ಕಾಡು, ಬೀದಿ, ದರ್ಬಾರು ಸರಸರ ಇಳಿಯುತ್ತಿದ್ದವು. ಆ ಖುಷಿ ಇನ್ನೂ ಇದೆ. ಆದರೆ ಒಂದು ರಾತ್ರಿ ರಾಜನ ಪಾತ್ರಧಾರಿ ಪರದೆಗೆ ತೀರಾ ಹತ್ತಿರ ನಿಂತ. ಅವನ ನೆರಳು ಬರೆದ ಕಂಬದ ಮೇಲೂ, ಅದರ ಹಿಂದಿನ ಆಕಾಶದ ಮೇಲೂ ಒಂದೇ ಸಮ ಬಿತ್ತು. ಎರಡೂ ಒಂದೇ ಬಟ್ಟೆ ಅಲ್ವಾ! ಅವತ್ತಿನಿಂದ ಆ ನೆರಳು ನನ್ನನ್ನು ಬಿಟ್ಟಿಲ್ಲ.

ಆಮೇಲೆ ಸ್ವಿಟ್ಜರ್ಲೆಂಡಿನ ರಂಗವಿನ್ಯಾಸಕ ಅಡಾಲ್ಫ್ ಆಪಿಯಾ (1862–1928) ಬಗ್ಗೆ ಓದಿದೆ. ನಟನ ಮೈಗೆ ಆಳ ಇದೆ, ಚಪ್ಪಟೆ ಪರದೆ ಅದಕ್ಕೆ ಹೊಂದುವುದಿಲ್ಲ ಅನ್ನುವುದು ಅವರ ವಾದ. ಮೆಟ್ಟಿಲು, ಇಳಿಜಾರು, ಬೆಳಕು ಇವನ್ನೇ ನಂಬಿದರು. ಜರ್ಮನಿಯ ಹೆಲ್ಲೆರಾವ್‌ನಲ್ಲಿ 1912–13ರಲ್ಲಿ ಹಾಗೇ ಮಾಡಿ ತೋರಿಸಿದರು.

ಮೆಟ್ಟಿಲು ಸುಮ್ನೆ ಇಡುವ ವಸ್ತು ಅಲ್ಲ. ಆರು ಇಂಚು ಎತ್ತರ ಇದ್ದರೆ ರಾಜ ಸಲೀಸಾಗಿ ಇಳಿದು ಬರುತ್ತಾನೆ. ಒಂಬತ್ತು ಇಂಚು ಮಾಡಿ ನೋಡಿ. ಪ್ರತಿ ಹೆಜ್ಜೆಗೂ ಮಂಡಿ ಜಾಸ್ತಿ ಬಗ್ಗುತ್ತದೆ, ಕಣ್ಣು ನೆಲಕ್ಕೆ ಹೋಗುತ್ತದೆ. ಸೋತ ರಾಜನಿಗೆ ನಾನು ಒಂಬತ್ತೇ ಕೊಡುವುದು. ನಟನ ಕಾಲಿಗೆ ಕೆಲಸ ಕೊಡದ ಸೆಟ್ಟು ನನಗೆ ಬೇಡ.

ನಿಮ್ಮ ತಂಡದಲ್ಲಿ ಮಾಡುವುದಾದರೆ ಮೆಟ್ಟಿಲನ್ನು ತಾಲೀಮಿನ ಮೊದಲ ವಾರವೇ ತಂದಿಡಿ. ಪ್ರದರ್ಶನದ ಹಿಂದಿನ ದಿನ ತಂದರೆ ನಟರು ಎಡವುತ್ತಾರೆ.